ಒಣ ಮೆಣಸಿನಕಾಯಿ ತೇವ ಅಳೆಯುವ ಮೀಟರ್: ಹುಬ್ಬಳ್ಳಿಯಲ್ಲೇ ಇನ್‌ಕ್ಯುಬೇಟರ್ ಸೇರಲಾ, ಬೆಂಗಳೂರಿಗೆ ಹೋಗಲಾ?

ಕಡ್ಡಿಡಬ್ಬಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಹಾವೇರಿ ಜಿಲ್ಲೆ. ನಾಲ್ಕು ಎಕರೆ ಹೊಲ, ಎರಡರಲ್ಲಿ ಬ್ಯಾಡಗಿ ಮೆಣಸಿನಕಾಯಿ. ನಾನು ಬೆಂಗಳೂರಿನಲ್ಲಿ ಆರು ವರ್ಷ ಸರ್ಕ್ಯೂಟ್ ಬೋರ್ಡು, ಸೆನ್ಸರ್ ಅಂತ ಕೆಲಸ ಮಾಡಿದೆ. ಹೋದ ವರ್ಷ ಊರಿಗೆ ಬಂದಿದ್ದಾಗ ಕಣದಲ್ಲಿ ಒಣಗಲು ಹಾಕಿದ್ದ ಕಾಯಿ ಮೇಲೆ ಮಳೆ ಹೊಡೆಯಿತು. ಅಪ್ಪ ಮತ್ತೆ ಒಣಗಿಸಿ ಪೇಟೆಗೆ ಒಯ್ದರು. ಅಲ್ಲಿ ಒಬ್ಬರು ಕಾಯಿಯನ್ನು ಮುಷ್ಟಿಯಲ್ಲಿ ಹಿಚುಕಿ, ಕಿವಿ ಹತ್ರ ಅಲ್ಲಾಡಿಸಿ ಬೀಜದ ಸದ್ದು ಕೇಳಿ, 'ಇನ್ನೂ ಹಸಿ ಐತಿ' ಎಂದರು. ಪಕ್ಕದವರು ಅದೇ ಚೀಲಕ್ಕೆ ಕೈ ಹಾಕಿ 'ಚಲೋ ಒಣಗೈತಿ' ಎಂದರು. ದರ ಬಿದ್ದದ್ದು ಮೊದಲನೆಯವರ ಮಾತಿನಂತೆ.

ಅವತ್ತಿನಿಂದ ತಲೆಯಲ್ಲಿ ಹುಳ. ಧಾನ್ಯಕ್ಕೆ ತೇವ ಅಳೆಯುವ ಮೀಟರ್ ಎಷ್ಟೋ ಇವೆ. ಮೆಣಸಿನಕಾಯಿಗೆ ಅವು ನಡೆಯುವುದಿಲ್ಲ. ಕಾಯಿ ಒಳಗೆ ಪೊಳ್ಳು. ಸಿಪ್ಪೆಯ ತೇವ ಬೇರೆ, ಬೀಜದ ತೇವ ಬೇರೆ. ನಾನು ಮತ್ತು ಗೆಳೆಯ ಸೇರಿ ಒಂದು ಮಾದರಿ ಮಾಡಿದ್ದೇವೆ. ಕಾಯಿಯನ್ನು ಪುಟ್ಟ ಡಬ್ಬದಲ್ಲಿ ಅದುಮಿ, ಎರಡು ತಗಡಿನ ನಡುವೆ ಕೆಪ್ಯಾಸಿಟೆನ್ಸ್ (ವಿದ್ಯುತ್ ಹಿಡಿದಿಡುವ ಗುಣ, ತೇವ ಜಾಸ್ತಿ ಆದಷ್ಟೂ ಏರುತ್ತದೆ) ಅಳೆಯುವುದು. ಅಷ್ಟೇ.

ಈಗ ಪ್ರಶ್ನೆ. ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳಿಗೆ ಜಾಗ, ಸಲಹೆ, ನೆರವು ಕೊಟ್ಟು ಬೆಳೆಸುವ ಸಂಸ್ಥೆ, ಎಲ್ಲಿ ಸೇರಬೇಕು? ಗೆಳೆಯ ಬೆಂಗಳೂರಿಗೇ ಹೋಗೋಣ ಎನ್ನುತ್ತಾನೆ. ನನಗೆ ಹುಬ್ಬಳ್ಳಿ ಹತ್ತಿರ, ಖರ್ಚೂ ಕಡಿಮೆ. ಗೋಕುಲ ರಸ್ತೆಯಲ್ಲಿ ಏರ್‌ಪೋರ್ಟ್ ಪಕ್ಕ ದೇಶಪಾಂಡೆ ಸ್ಟಾರ್ಟಪ್ಸ್ ಇದೆ, ಕೆಎಲ್‌ಇ ಟೆಕ್‌ನಲ್ಲೂ ಇನ್‌ಕ್ಯುಬೇಟರ್ ಇದೆ. ಇಂಥ ಲಾಭರಹಿತ ಸಂಸ್ಥೆಗಳು ನಿಜವಾಗಿ ಏನು ಕೊಡುತ್ತವೆ? ಟೇಬಲ್, ವೈಫೈ, ಗೋಡೆ ಮೇಲೆ ಫೋಟೋ, ಅಷ್ಟೇನಾ? ಅನುಭವ ಇದ್ದವರು ಹೇಳಿ.

ಟ್ರೋಫಿ ಸಾಕು

ಮೊದಲು ನನ್ನ ಕಥೆ ಕೇಳಿ. ಊರು, ಸಂಸ್ಥೆ ಯಾವುದೂ ಹೇಳುವುದಿಲ್ಲ.

ಮೂರು ವರ್ಷ ಒಂದು ಇನ್‌ಕ್ಯುಬೇಟರ್‌ನಲ್ಲಿ ಇದ್ದೆವು. ಹಾಲಿನ ಡೇರಿಗಳಿಗೆ ಒಂದು ಸಾಧನ. ಮೊದಲ ವರ್ಷವೇ ಮೂರು ಸ್ಪರ್ಧೆ ಗೆದ್ದೆವು. ಆಮೇಲೆ ಚಟವೇ ಹಿಡಿಯಿತು. ಪ್ರತಿ ತಿಂಗಳೂ ಎಲ್ಲೋ ಒಂದು ಪಿಚ್, ಅಂದರೆ ವೇದಿಕೆ ಮೇಲೆ ನಮ್ಮ ಐಡಿಯಾ ಒಪ್ಪಿಸುವುದು. ರಾತ್ರಿಯೆಲ್ಲಾ ಸ್ಲೈಡ್ ತಿದ್ದುವುದು, ಬೆಳಿಗ್ಗೆ ಬ್ಲೇಜರ್ ಹಾಕಿಕೊಂಡು ರೈಲು ಹತ್ತುವುದು. ಬಾಗಿಲಷ್ಟು ದೊಡ್ಡ ಥರ್ಮಾಕೋಲ್ ಚೆಕ್ ಹಿಡಿದ ಫೋಟೋ ಅಮ್ಮನ ವಾಟ್ಸಾಪ್ ಡಿಪಿ ಆಗಿತ್ತು. ಸಂಸ್ಥೆಯವರಿಗೂ ಖುಷಿ, ಯಾಕೆಂದರೆ ಅವರ ವಾರ್ಷಿಕ ವರದಿಗೆ ಫೋಟೋ ಬೇಕು. ಮೂರನೇ ವರ್ಷದ ಕೊನೆಗೆ ಲೆಕ್ಕ ಹಾಕಿದರೆ ಟ್ರೋಫಿ ಏಳು, ದುಡ್ಡು ಕೊಟ್ಟ ಗಿರಾಕಿ ಮೂರು. ಆ ಮೂವರಲ್ಲಿ ಒಬ್ಬರು ನಮ್ಮ ಸೋದರಮಾವ.

ತಪ್ಪು ಅವರದು ಮಾತ್ರ ಅಲ್ಲ, ನಮ್ಮದೂ ಇತ್ತು. ಆದರೆ 'ಡೇರಿಗೆ ಹೋಗಿ ಬನ್ನಿ, ಸ್ಪರ್ಧೆ ಆಮೇಲೆ ನೋಡೋಣ' ಎಂದು ಒಬ್ಬರೂ ಹೇಳಲಿಲ್ಲ.

ಉಣಕಲ್ ದಂಡೆ

ಟ್ರೋಫಿ ಅವರ ಮಾತು ನಿಜ, ಆದರೆ ಪೂರ್ತಿ ಅಲ್ಲ. ಹುಬ್ಬಳ್ಳಿಯ ದೇಶಪಾಂಡೆಯವರದು ಬೇರೆ ಸಂಸ್ಥೆಗಳಿಗಿಂತ ಯಾಕೆ ಸ್ವಲ್ಪ ಬೇರೆ ಅಂತ ಹೇಳುತ್ತೇನೆ. ನಾನು ಅಲ್ಲಿ ನೌಕರ ಅಲ್ಲ, ಊರಿನವನು. ಹದಿನೈದು ವರ್ಷದಿಂದ ನೋಡುತ್ತಿದ್ದೇನೆ.

ಗುರುರಾಜ ದೇಶಪಾಂಡೆ ಹುಬ್ಬಳ್ಳಿ ಮೂಲದವರು. ಮದ್ರಾಸ್ ಐಐಟಿ, ಅಲ್ಲಿಂದ ಕೆನಡಾ, ಅಲ್ಲಿಂದ ಅಮೆರಿಕ. ಕ್ಯಾಸ್ಕೇಡ್ ಎಂಬ ನೆಟ್‌ವರ್ಕಿಂಗ್ ಕಂಪನಿ ಕಟ್ಟಿದರು. 1997ರಲ್ಲಿ ಅದು 370 ಕೋಟಿ ಡಾಲರ್‌ಗೆ ಮಾರಾಟವಾಯಿತು. ಆಮೇಲೆ ಸೈಕಮೋರ್ ಎಂಬ ಇನ್ನೊಂದು ಕಂಪನಿ. ಹೆಂಡತಿ ಜಯಶ್ರೀ ಅವರ ಜೊತೆ 1996ರಲ್ಲೇ ಫೌಂಡೇಶನ್ ಶುರು ಮಾಡಿದ್ದರು. 2002ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯಕ್ಕೆ 2 ಕೋಟಿ ಡಾಲರ್ ಕೊಟ್ಟು ಒಂದು ಕೇಂದ್ರ ತೆರೆದರು. ಪ್ರಯೋಗಾಲಯದಲ್ಲಿ ಕೊಳೆಯುತ್ತಿರುವ ಐಡಿಯಾಗಳನ್ನು ಕಂಪನಿ ಆಗುವ ಮಟ್ಟಕ್ಕೆ ತರುವುದು ಅದರ ಕೆಲಸ.

ಅದೇ ಅಚ್ಚನ್ನು ತಂದು ಹುಬ್ಬಳ್ಳಿಯಲ್ಲಿ ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಎಂಐಟಿಯಲ್ಲಿ ಐಡಿಯಾ ರಾಶಿ ಬಿದ್ದಿರುತ್ತದೆ, ಅದಕ್ಕೊಂದು ಕೆಲಸ ಹುಡುಕಬೇಕು. ನಮ್ಮಲ್ಲಿ ಉಲ್ಟಾ. ಕೆಲಸ ರಾಶಿ ಬಿದ್ದಿದೆ: ನೀರಿಲ್ಲ, ದರ ಇಲ್ಲ, ಡಿಗ್ರಿ ಇದ್ದರೂ ಕೆಲಸ ಇಲ್ಲ. ಅದನ್ನು ಬಿಡಿಸುವವರು ಬೇಕು. ಅದಕ್ಕೇ ಇಲ್ಲಿ 2008ರ ಸುಮಾರಿಗೆ 'ಸ್ಯಾಂಡ್‌ಬಾಕ್ಸ್' ಅಂತ ಶುರು ಮಾಡಿದರು. ಹೆಸರೇ ಹೇಳುವ ಹಾಗೆ, ಮಕ್ಕಳು ಮರಳಲ್ಲಿ ಮನೆ ಕಟ್ಟಿ ಕೆಡವಿ ಮತ್ತೆ ಕಟ್ಟುವ ಆಟ. ಮೊದಲು ಎನ್‌ಜಿಒಗಳು ಬಂದವು. ಕಾಲೇಜು ಹುಡುಗರಿಗೆ ಲೀಡ್ ಎಂಬ ಕಾರ್ಯಕ್ರಮ ಬಂತು. ನವಲಗುಂದದ ಕಡೆ ಕೃಷಿ ಹೊಂಡ ಬಂದವು. ಸ್ಟಾರ್ಟಪ್ ಬಂದದ್ದು ಇವೆಲ್ಲದರ ನಂತರ. ಈಗಿನ ಕಟ್ಟಡ 80,000 ಚದರ ಅಡಿಗೂ ಜಾಸ್ತಿ. ಹೊರಗಿನವರು ಅದನ್ನು ನೋಡಿ ಬಾಯಿ ಬಿಡುತ್ತಾರೆ. ನನಗೆ ಕಟ್ಟಡಕ್ಕಿಂತ ಆ ಹಳೆಯ ಹೊಂಡದ ಕೆಲಸವೇ ಮುಖ್ಯ ಅನ್ನಿಸುತ್ತದೆ.

ಯಾಕೆ ಅಂದರೆ, ಊರೂರು ಸುತ್ತಿ ಹೊಂಡ ತೋಡಿಸಿದ ಸಂಸ್ಥೆಗೆ ರೈತರ ಮನೆ ಬಾಗಿಲು ಗೊತ್ತಿರುತ್ತದೆ. ನೀವು ಬೆಂಗಳೂರಿನಲ್ಲಿ ಕೂತು ಐವತ್ತು ಕಣಗಳಲ್ಲಿ ಮೀಟರ್ ಪರೀಕ್ಷೆ ಮಾಡಬೇಕು ಅಂದರೆ ಯಾರ ಪರಿಚಯ ಹಿಡಿಯುತ್ತೀರಿ? ನನ್ನ ಕೇಳಿದರೆ ಇಲ್ಲಿ ಕೇಳಬೇಕಾದದ್ದು ಟೇಬಲ್ ಅಲ್ಲ, ಆ ಪರಿಚಯ.

ಮಂಗಳೂರು ಬನ್ಸ್

ಇದೇ ಮಾದರಿ ನಿಜಾಮಾಬಾದಿನಲ್ಲೂ ಇದೆ ಅಲ್ವಾ? ಕಾಕತೀಯ ಸ್ಯಾಂಡ್‌ಬಾಕ್ಸ್.

ಉಣಕಲ್ ದಂಡೆ

ಹೌದು. ಅಮೆರಿಕದಲ್ಲೂ ಇದೆ. ಮ್ಯಾಸಚೂಸೆಟ್ಸ್‌ನ ಲೋವೆಲ್, ಲಾರೆನ್ಸ್ ಎಂಬ ಹಳೆಯ ಬಟ್ಟೆ ಗಿರಣಿ ಊರುಗಳಲ್ಲಿ. ಗಿರಣಿ ಮುಚ್ಚಿ ಕೆಲಸ ಹೋದ ಊರು ಅಂದರೆ ಹುಬ್ಬಳ್ಳಿ ಮಂದಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕದ ಹುಚ್ಚ

ವೃತ್ತಿಯಲ್ಲಿ ಲೆಕ್ಕಪರಿಶೋಧಕ. ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ.

ಲಾಭರಹಿತ ಅಂದರೆ ಪುಕ್ಕಟೆ ಅಂತ ಅಲ್ಲ. ಇಂಥ ಸಂಸ್ಥೆಗಳು ಸಾಮಾನ್ಯವಾಗಿ ಕಂಪನಿ ಕಾಯ್ದೆಯ 8ನೇ ಸೆಕ್ಷನ್ ಕೆಳಗೆ ಇರುತ್ತವೆ, ಇಲ್ಲವೇ ಟ್ರಸ್ಟ್ ಆಗಿರುತ್ತವೆ. ಲಾಭ ಬಂದರೂ ಹಂಚಿಕೊಳ್ಳುವಂತಿಲ್ಲ, ಅದೇ ಕೆಲಸಕ್ಕೆ ಹಾಕಬೇಕು. ದುಡ್ಡು ಬರುವ ದಾರಿ ಮೂರು: ದಾನಿಗಳು, ಸರ್ಕಾರದ ಯೋಜನೆಗಳು, ದೊಡ್ಡ ಕಂಪನಿಗಳ ಸಿಎಸ್‌ಆರ್. 2013ರ ಕಾಯ್ದೆ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಕೊಡಬೇಕು. ಸರ್ಕಾರದ ನೆರವು ಪಡೆದ ಇನ್‌ಕ್ಯುಬೇಟರ್‌ಗೆ ಕೊಟ್ಟರೂ ಅದು ಲೆಕ್ಕಕ್ಕೆ ಬರುತ್ತದೆ.

ಇದು ನಿಮಗೆ ಯಾಕೆ ಬೇಕು ಅಂದರೆ, ದುಡ್ಡು ಕೊಟ್ಟವರು ಲೆಕ್ಕ ಕೇಳುತ್ತಾರೆ. ಎಷ್ಟು ಸ್ಟಾರ್ಟಪ್, ಎಷ್ಟು ಉದ್ಯೋಗ, ಎಷ್ಟು ತರಬೇತಿ. ಟ್ರೋಫಿ ಅವರು ಹೇಳಿದ ಫೋಟೋ ಹುಚ್ಚಿನ ಬೇರು ಅಲ್ಲಿದೆ. ಕೆಟ್ಟವರು ಅಂತ ಅಲ್ಲ, ಎಣಿಸಲು ಸುಲಭವಾದದ್ದನ್ನು ಎಣಿಸುತ್ತಾರೆ.

ಈಗ ನಿಮ್ಮ ವಿಷಯ. ಒಂದೇ ಪ್ರಶ್ನೆ: ಕಂಪನಿ ನೋಂದಣಿ ಆಗಿದೆಯಾ?

ಕಡ್ಡಿಡಬ್ಬಿ

ಇಲ್ಲ. ಮುಂದಿನ ವಾರ ಮಾಡಿಸೋಣ ಅಂತ ಇದ್ದೆವು. ಹೆಸರೂ ಹುಡುಕಿದ್ದೇವೆ.

ಲೆಕ್ಕದ ಹುಚ್ಚ

ತಡೆಯಿರಿ. ಅವಸರ ಬೇಡ.

2021ರಲ್ಲಿ ಕೇಂದ್ರ ಸರ್ಕಾರ 945 ಕೋಟಿ ರೂಪಾಯಿಯ ಸೀಡ್ ಫಂಡ್ (ಆರಂಭದ ಬಂಡವಾಳ) ಯೋಜನೆ ತಂದಿತು. ದುಡ್ಡು ನೇರವಾಗಿ ನಿಮಗೆ ಬರುವುದಿಲ್ಲ. ಸರ್ಕಾರ ಇನ್‌ಕ್ಯುಬೇಟರ್‌ಗೆ ಕೊಡುತ್ತದೆ, ಇನ್‌ಕ್ಯುಬೇಟರ್ ಆಯ್ಕೆ ಮಾಡಿ ಸ್ಟಾರ್ಟಪ್‌ಗೆ ಕೊಡುತ್ತದೆ. ಮಾದರಿ ಮಾಡಲು, ಪರೀಕ್ಷೆಗೆ 20 ಲಕ್ಷದವರೆಗೆ ಅನುದಾನ, ಅದೂ ಕಂತು ಕಂತಾಗಿ, ಹೇಳಿದ ಕೆಲಸ ಮುಗಿದ ಹಾಗೆ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ, ಆದರೆ ಅದು ಸಾಲ ಅಥವಾ ಮುಂದೆ ಷೇರಾಗಿ ಬದಲಾಗುವ ಪತ್ರ. ದಾನ ಅಲ್ಲ. ಅರ್ಜಿ ಹಾಕುವ ದಿನಕ್ಕೆ ಕಂಪನಿಗೆ ಎರಡು ವರ್ಷ ಮೀರಿರಬಾರದು. ಈ ಒಂದು ಸಾಲಿನಿಂದ ಕೈ ಸುಟ್ಟುಕೊಂಡ ಎಷ್ಟೋ ಹುಡುಗರು ನನ್ನ ಹತ್ರ ಬಂದಿದ್ದಾರೆ. ಉತ್ಸಾಹದಲ್ಲಿ ಕಂಪನಿ ಮಾಡಿ, ಎರಡು ವರ್ಷ ಮಾದರಿಯ ಜೊತೆ ಒದ್ದಾಡಿ, ಅರ್ಜಿ ಹಾಕುವ ಹೊತ್ತಿಗೆ ವಯಸ್ಸು ಮೀರಿರುತ್ತದೆ. ಅರ್ಜಿ ಸದ್ಯ ತೆಗೆದುಕೊಳ್ಳುತ್ತಿದ್ದಾರಾ ಅಂತ ಇನ್‌ಕ್ಯುಬೇಟರ್‌ನಲ್ಲೇ ವಿಚಾರಿಸಿ.

ಕಂಪನಿ ಇಲ್ಲದವರಿಗೂ ನಿಧಿ ಪ್ರಯಾಸ್ ಅಂತ ಕೇಂದ್ರದ ಯೋಜನೆ ಒಂದಿದೆ. ಮಾದರಿ ತಯಾರಿಸಲು 10 ಲಕ್ಷದವರೆಗೆ. ಅದಕ್ಕೂ ಇನ್‌ಕ್ಯುಬೇಟರ್ ಮೂಲಕವೇ ಹೋಗಬೇಕು.

ಪೇಟೆಂಟ್ ಬಗ್ಗೆ ಒಂದು ಮಾತು. ಮೊದಲು ತಾತ್ಕಾಲಿಕ ಅರ್ಜಿ ಹಾಕಿದರೆ ಪೂರ್ಣ ಅರ್ಜಿಗೆ 12 ತಿಂಗಳು ಸಮಯ ಸಿಗುತ್ತದೆ. ಆನ್‌ಲೈನ್‌ನಲ್ಲಿ ವ್ಯಕ್ತಿಗೆ, ಸ್ಟಾರ್ಟಪ್‌ಗೆ ಸರ್ಕಾರಿ ಶುಲ್ಕ 1,600 ರೂಪಾಯಿ. ಅದನ್ನು ಮುಗಿಸಿದ ಮೇಲೆ ಸ್ಪರ್ಧೆ, ಸ್ಲೈಡ್, ಏನು ಬೇಕಾದರೂ ಮಾಡಿ. ವೇದಿಕೆ ಮೇಲೆ ಎಲ್ಲಾ ಬಿಚ್ಚಿಟ್ಟು ಆಮೇಲೆ ಪೇಟೆಂಟ್ ಅಂತ ಬಂದರೆ ಕಷ್ಟ.

ತಾರಿಹಾಳ ಲೇತ್

ಏನ್ರೀ, ಎಲ್ಲರೂ ದುಡ್ಡಿನದೇ ಮಾತಾಡುತ್ತೀರಿ. ಡಬ್ಬ ಯಾವುದರಲ್ಲಿ ಮಾಡಿದ್ದೀರಿ ಅಂತ ಯಾರಾದರೂ ಕೇಳಿದಿರಾ?

ಕಡ್ಡಿಡಬ್ಬಿ

ಸರ್, ಬೇಡವಾದ ಜಾಗದಲ್ಲೇ ಕೈ ಇಟ್ಟಿರಿ 🙂 3ಡಿ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್. ಹೋದ ಗುರುವಾರ ಕಣದಲ್ಲಿ ಇಟ್ಟು ಬುತ್ತಿ ಉಣ್ಣಲು ಹೋದೆ. ಬಂದು ನೋಡಿದರೆ ಮುಚ್ಚಳ ಹಪ್ಪಳದ ಹಾಗೆ ಡೊಂಕಾಗಿತ್ತು. ಅದುಮುವ ಸ್ಕ್ರೂ ಸೊಟ್ಟ, ಎರಡು ತಗಡಿನ ನಡುವಿನ ಅಂತರ ಬದಲಾಗಿದೆ. ಒಂದೇ ಕಾಯಿಗೆ ಮೂರು ಸಲ ಅಳೆದರೆ ತೇವ 9%, 14%, 11%. ಕೆಲಸದವಳು ಒಬ್ಬಳು 'ಇದು ಮಟಕಾ ನಂಬರ್ ಕೊಡ್ತದ ಏನ್ರಿ' ಎಂದಳು.

ತಾರಿಹಾಳ ಲೇತ್

ಆ ಪ್ಲಾಸ್ಟಿಕ್ 60 ಡಿಗ್ರಿ ಹತ್ರ ಬಂದರೆ ಮೆತ್ತಗಾಗುತ್ತದೆ. ಮಾರ್ಚ್ ಬಿಸಿಲಲ್ಲಿ ಕಪ್ಪು ಡಬ್ಬ ಇಟ್ಟರೆ ಇನ್ನೇನು. ಇನ್‌ಕ್ಯುಬೇಟರ್‌ನ ಲ್ಯಾಬ್‌ನಲ್ಲಿ ಪ್ರಿಂಟರ್ ಇರುತ್ತದೆ, ಒಳ್ಳೆಯದೇ. ಆದರೆ ಅದು ಆಕಾರ ನೋಡಲು ಅಷ್ಟೇ. ಅಚ್ಚು ಹಾಕಿಸಲು ಈಗಲೇ ಹೋಗಬೇಡಿ, ಲಕ್ಷಗಟ್ಟಲೆ ಹೋಗುತ್ತದೆ, ನಾಳೆ ಡಿಸೈನ್ ಬದಲಾದರೆ ಆ ಅಚ್ಚು ಗುಜರಿಗೆ. ಮೊದಲ ಇಪ್ಪತ್ತು ಪೀಸು ಸ್ಟೀಲ್ ತಗಡು ಬಾಗಿಸಿ, ಒಳಗಿನ ಕಪ್ ಮಾತ್ರ ಲೇತ್ ಮೇಲೆ ತಿರುವಿ. ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುವ ಕಾರ್ಖಾನೆಗಳು ಎಷ್ಟಿವೆ ಗೊತ್ತಾ? ಮೈಕ್ರಾನ್ ಲೆಕ್ಕದಲ್ಲಿ ಕೆಲಸ ಮಾಡುವ ಕೈಗಳು ಇಲ್ಲಿವೆ. ಎರಕ ಬೇಕಾದರೆ ಬೆಳಗಾವಿ ಫೌಂಡ್ರಿಗಳು ಎರಡು ತಾಸಿನ ದಾರಿ. ಬೆಂಗಳೂರು ಬೆಂಗಳೂರು ಅನ್ನುತ್ತೀರಿ.

ಒಂದು ದೂರೂ ಇದೆ. ಇನ್‌ಕ್ಯುಬೇಟರ್‌ಗಳು ಮೆಂಟರ್, ಅಂದರೆ ಮಾರ್ಗದರ್ಶಕ, ಅಂತ ಕರೆಯುವುದು ಯಾರನ್ನು? ಸಾಫ್ಟ್‌ವೇರ್ ಮಂದಿ, ಬ್ಯಾಂಕಿನವರು, ಪ್ರೊಫೆಸರ್‌ಗಳು. ಮೂವತ್ತು ವರ್ಷ ಲೇತ್ ಹಿಡಿದವನನ್ನು ಯಾರೂ ಕರೆಯುವುದಿಲ್ಲ. ಕರೆದರೆ ಬರುತ್ತೇವೆ, ಚಹಾ ಕುಡಿಸಿದರೆ ಸಾಕು.

ಉಣಕಲ್ ದಂಡೆ

ಇದು ನಿಜವಾದ ಮಾತು. ಗೋಡಂಬಿ ವಿಂಗಡಿಸುವ ಯಂತ್ರ ಮಾಡಿದ ನ್ಯಾನೋಪಿಕ್ಸ್ ಹುಬ್ಬಳ್ಳಿಯದೇ. ಕ್ಯಾಮೆರಾ ಒಂದೊಂದೇ ತಿರುಳು ನೋಡಿ ಗ್ರೇಡ್ ಹೇಳುತ್ತದೆ. ಗೋಡಂಬಿಯಲ್ಲಿ ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ ಸುಮಾರು 320 ಇಡೀ ತಿರುಳು, ಸಂಖ್ಯೆ ಕಡಿಮೆ ಆದಷ್ಟೂ ತಿರುಳು ದಪ್ಪ, ದರ ಜಾಸ್ತಿ. ಅಂಥ ಯಂತ್ರದಲ್ಲಿ ಸಾಫ್ಟ್‌ವೇರ್ ಅರ್ಧ ಕೆಲಸ. ತಿರುಳು ಮುರಿಯದ ಹಾಗೆ ಸಾಗಿಸುವ ಪಟ್ಟಿ, ಹೊಟ್ಟು ಧೂಳು ತಡೆಯುವ ಪೆಟ್ಟಿಗೆ ಇನ್ನರ್ಧ.

ಶಿರಸಿ ಅಪ್ಪೆಮಿಡಿ

ನಡುವೆ ಬಾಯಿ ಹಾಕುತ್ತೇನೆ. ಬೇರೆ ಜಿಲ್ಲೆಯ ಒಂದು ಇನ್‌ಕ್ಯುಬೇಟರ್‌ನಲ್ಲಿ ಒಂದೂವರೆ ವರ್ಷ ಇದ್ದೆ. ಹಲಸು ಒಣಗಿಸುವ ಕೆಲಸ ನನ್ನದು. ಕಲಿತದ್ದು ಬಹಳ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ತರಬೇತಿ ಎಲ್ಲಾ ಸಂಜೆ ಆರರ ಮೇಲೆ, 'ನೆಟ್‌ವರ್ಕಿಂಗ್' ರಾತ್ರಿ ಎಂಟಕ್ಕೆ. ನನ್ನ ಕೊನೆ ಬಸ್ಸು ಏಳೂವರೆಗೆ. ಗಂಡಸರು ಚಹಾ ಕುಡಿಯುತ್ತಾ ಇನ್ವೆಸ್ಟರ್ ನಂಬರ್ ತಗೊಳ್ಳುತ್ತಿದ್ದರೆ ನಾನು ಬಸ್‌ಸ್ಟ್ಯಾಂಡಿನಲ್ಲಿ. ಒಂದು ಸಲ ನೇರವಾಗಿ ಹೇಳಿದೆ. ಮುಂದಿನ ತಿಂಗಳಿಂದ ಮಧ್ಯಾಹ್ನ ಎರಡಕ್ಕೆ ಮಾಡಿದರು. ಬಂದ ಹೆಂಗಸರ ಸಂಖ್ಯೆ ನಾಲ್ಕರಿಂದ ಹದಿನೇಳಕ್ಕೆ ಏರಿತು. ಯಾವ ಅನುದಾನವೂ ಬೇಕಾಗಲಿಲ್ಲ, ಗಡಿಯಾರದ ಮುಳ್ಳು ಸರಿಸಿದರು ಅಷ್ಟೇ.

ಸೇರುವ ಮೊದಲು ಅಲ್ಲಿ ಈಗಾಗಲೇ ಇರುವವರ ಜೊತೆ ಒಂದು ತಾಸು ಮಾತಾಡಿ. ಮ್ಯಾನೇಜರ್ ಇಲ್ಲದಾಗ.

ಮಂಗಳೂರು ಬನ್ಸ್

ಕರಾವಳಿ ಕಡೆಯವರಿಗೆ ನಿಟ್ಟೆಯಲ್ಲಿ ಅಟಲ್ ಇನ್‌ಕ್ಯುಬೇಶನ್ ಕೇಂದ್ರ ಇದೆ, ಮಣಿಪಾಲದಲ್ಲೂ ಇದೆ. ರಾಜ್ಯ ಸರ್ಕಾರದ ಎಲಿವೇಟ್ ಸ್ಪರ್ಧೆಯಲ್ಲಿ ಗೆದ್ದರೆ 50 ಲಕ್ಷದವರೆಗೆ ಅನುದಾನ, ಷೇರು ಕೇಳುವುದಿಲ್ಲ. ಸುಮ್ನೆ ಮಾಹಿತಿಗೆ.

ಟ್ರೋಫಿ ಸಾಕು

ಮತ್ತೊಂದು ಸ್ಪರ್ಧೆ! 😂

ಬೆಳವಲದ ಗಾಳಿ

ಆಹಾರ ಎಂಜಿನಿಯರಿಂಗ್ ಓದಿದವಳು ನಾನು. ಮೀಟರ್ ಬಗ್ಗೆ ಎರಡು ಮಾತು, ಇಲ್ಲದಿದ್ದರೆ ದುಡ್ಡು ಬಂದರೂ ಪ್ರಯೋಜನ ಇಲ್ಲ.

ನಿಮ್ಮ ಮೀಟರ್ 11 ಅಂದಾಗ ಅದು 11 ಹೌದೋ ಅಲ್ಲವೋ ಯಾವುದಕ್ಕೆ ಹೋಲಿಸಿ ನೋಡುತ್ತೀರಿ? ಓವನ್‌ನಲ್ಲಿ ಒಣಗಿಸಿ ತೂಕ ಕಳೆಯುತ್ತೀರಿ ಅಂತ ಊಹೆ. ಧಾನ್ಯಕ್ಕೆ ಅದು ಸರಿ. ಮಸಾಲೆ ಪದಾರ್ಥದಲ್ಲಿ ಆವಿಯಾಗುವ ಎಣ್ಣೆ ಇರುತ್ತದೆ. ಕಾಯಿಸಿದಾಗ ನೀರಿನ ಜೊತೆ ಅದೂ ಹೋಗುತ್ತದೆ, ನೀವು ಎಲ್ಲವನ್ನೂ ನೀರು ಅಂತ ಎಣಿಸುತ್ತೀರಿ. ಅದಕ್ಕೇ ಮಸಾಲೆಗೆ ಟಾಲ್ಯೂಈನ್ ಎಂಬ ದ್ರಾವಕದ ಜೊತೆ ಕುದಿಸಿ, ಬಂದ ನೀರನ್ನು ಗಾಜಿನ ನಳಿಕೆಯಲ್ಲಿ ಬೇರೆಯಾಗಿ ಹಿಡಿದು ಅಳೆಯುವ ಪದ್ಧತಿ ಇದೆ. ಐಎಸ್‌ಒ 939 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಅದನ್ನೇ. ಇದನ್ನು ಮನೆಯಲ್ಲಿ ಮಾಡಬೇಡಿ, ಟಾಲ್ಯೂಈನ್ ಬೇಗ ಬೆಂಕಿ ಹಿಡಿಯುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ. ಹಾವೇರಿ ಪಕ್ಕದ ದೇವಿಹೊಸೂರಿನಲ್ಲೇ ತೋಟಗಾರಿಕೆ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನ ಕಾಲೇಜಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯ ಇದೆ. ನೀವು ಒಬ್ಬರೇ ಹೋದರೆ 'ಪತ್ರ ತನ್ನಿ' ಎನ್ನಬಹುದು. ಸಂಸ್ಥೆಯ ಕಡೆಯಿಂದ ಹೋದರೆ ಬಾಗಿಲು ಬೇಗ ತೆರೆಯುತ್ತದೆ. ನನ್ನ ಲೆಕ್ಕದಲ್ಲಿ ಇನ್‌ಕ್ಯುಬೇಟರ್‌ನ ಲೆಟರ್‌ಹೆಡ್ಡು ಅದರ ಟೇಬಲ್‌ಗಿಂತ ದೊಡ್ಡದು.

ಇನ್ನೊಂದು. ಖರೀದಿ ವ್ಯವಹಾರದಲ್ಲಿ ಬಳಸುವ ಅಳತೆ ಸಾಧನಕ್ಕೆ 2009ರ ಕಾನೂನು ಮಾಪನ ಕಾಯ್ದೆ ಇದೆ. ಮಾದರಿಗೆ ಅನುಮೋದನೆ ಬೇಕಾಗಬಹುದು. ಮಾರುವ ಮೊದಲು ಕೇಳಿ, ಮಾರಿದ ಮೇಲೆ ಅಲ್ಲ.

ಕೊನೆಗೆ, ಇದನ್ನು ಕೊಳ್ಳುವವರು ಯಾರು? ರೈತರಾ, ದಲಾಲರಾ?

ಕಡ್ಡಿಡಬ್ಬಿ

ಆ ಕೊನೆಯ ಪ್ರಶ್ನೆ ಎರಡು ದಿನ ನಿದ್ದೆ ಕೆಡಿಸಿತು. ಹಾಗಾಗಿ ಸೋಮವಾರ ಬ್ಯಾಡಗಿ ಪೇಟೆಗೆ ಮೀಟರ್ ಒಯ್ಯದೆ ಹೋದೆ. ಸುಮ್ನೆ ನಿಂತು ನೋಡಿದೆ, ಕೇಳಿದೆ.

ಒಬ್ಬ ರೈತರು ಹೇಳಿದರು: 'ತಮ್ಮಾ, ನನ್ನ ಕಾಯಿ ಹಸಿ ಐತಿ ಅಂತ ನನಗ ಗೊತ್ತೇ ಐತಿ. ಅದನ್ನ ಮಷಿನ್ ಹಚ್ಚಿ ಅವರಿಗೆ ತೋರಿಸಲಿಕ್ಕೆ ನಾನೇ ರೊಕ್ಕ ಕೊಡಬೇಕಾ?' ನಾನು ಪೂರ್ತಿ ಒಂದು ವರ್ಷ ರೈತರಿಗೆ ಅಂತ ಮಾಡುತ್ತಿದ್ದೆ! ದಲಾಲರು ನಕ್ಕರು. ಅವರ ಕೈ, ಕಿವಿಯೇ ಅವರ ಬಂಡವಾಳ, ಮಷಿನ್ ಬಂದರೆ ಅದಕ್ಕೆ ಬೆಲೆ ಎಲ್ಲಿ.

ಮಧ್ಯಾಹ್ನ ಊಟ ಮಾಡಿ ಬರುವಾಗ ಒಂದು ಕೋಲ್ಡ್ ಸ್ಟೋರೇಜ್ ಮುಂದೆ ಲಾರಿ ಸಾಲು ನಿಂತಿತ್ತು. ಒಳಗೆ ಹೋದೆ. ಮ್ಯಾನೇಜರ್ ಮೊದಲು ನಿಲ್ಲಿಸಿಕೊಂಡೇ ಮಾತಾಡಿದರು, ಆಮೇಲೆ ಕುರ್ಚಿ ಹಾಕಿಸಿದರು. ಹಸಿ ಕಾಯಿ ಒಳಗೆ ಹೋದರೆ ಬೂಸ್ಟು ಹಿಡಿಯುತ್ತದೆ, ಆರು ತಿಂಗಳ ಮೇಲೆ ಚೀಲ ಬಿಚ್ಚಿದಾಗ ಜಗಳ ಶುರು. ಇಟ್ಟವರು 'ನೀವು ಕೆಡಿಸಿದಿರಿ' ಎನ್ನುತ್ತಾರೆ, ಇವರು 'ನೀವು ಹಸಿ ತಂದಿರಿ' ಎನ್ನುತ್ತಾರೆ. ಒಳಗೆ ಬರುವ ದಿನ ತೇವ ಎಷ್ಟಿತ್ತು ಅಂತ ಚೀಟಿಯಲ್ಲಿ ಬರೆದಿದ್ದರೆ ಜಗಳವೇ ಇಲ್ಲ. ಅವರಿಗೆ ಬೇಕಾದದ್ದು ಮೀಟರ್ ಅಲ್ಲ, ಆ ಚೀಟಿ. ಚೀಲದ ನಂಬರ್, ತಾರೀಖು, ತೇವ, ಅಷ್ಟು ಮುದ್ರಿಸಿ ಕೊಡುವ ಯಂತ್ರ ಮಾಡುತ್ತೀರಾ ಅಂತ ಕೇಳಿದರು.

ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ಅರ್ಧ ನಿಮಿಷ ಸುಮ್ಮನಿದ್ದ. ಆಮೇಲೆ 'ಥರ್ಮಲ್ ಪ್ರಿಂಟರ್ ನನ್ನ ಹತ್ರ ಒಂದಿದೆ' ಎಂದ. ಬೆಂಗಳೂರಿನ ಮಾತು ಅವತ್ತಿನಿಂದ ಎತ್ತಿಲ್ಲ.

ಲೆಕ್ಕದ ಹುಚ್ಚ

ಈಗ ಅರ್ಜಿಯಲ್ಲಿ ಬರೆಯಲು ಒಂದು ಸರಿಯಾದ ಸಾಲು ಸಿಕ್ಕಿತು. ಷೇರಿನ ವಿಷಯ ಮರೆಯಬೇಡಿ. ಲಾಭರಹಿತ ಸಂಸ್ಥೆಗಳೂ ಕೆಲವು ಒಂದೆರಡು ಪರ್ಸೆಂಟ್ ಷೇರು ಕೇಳುತ್ತವೆ. ತಪ್ಪಲ್ಲ. ಅದಕ್ಕೆ ಬದಲಾಗಿ ಏನು ಅಂತ ಕಾಗದದ ಮೇಲೆ ಇರಲಿ. 'ಮೆಂಟರಿಂಗ್' ಅಂತ ಬರೆದರೆ ಒಪ್ಪಬೇಡಿ. ಎಷ್ಟು ಕೋಲ್ಡ್ ಸ್ಟೋರೇಜ್, ಯಾವ ಲ್ಯಾಬ್, ಎಷ್ಟು ತಿಂಗಳ ಒಳಗೆ, ಹಾಗೆ ಬರೆಯಿಸಿ.

ಕಡ್ಡಿಡಬ್ಬಿ

ಸರಿ ಸರ್. ಮೊದಲು ದೇವಿಹೊಸೂರು, ಆಮೇಲೆ ಗೋಕುಲ ರಸ್ತೆ. ಕೆಎಲ್‌ಇ ಟೆಕ್‌ಗೂ ಹೋಗಿ ಕೇಳುತ್ತೇನೆ. ನೋಂದಣಿ ಮುಂದಕ್ಕೆ ಹಾಕಿದ್ದೇವೆ.

ತಾರಿಹಾಳ ಸರ್, ಸ್ಟೀಲ್ ಡಬ್ಬಕ್ಕೆ ಯಾವಾಗ ಬರಲಿ? ಮ್ಯಾನೇಜರ್ ಒಂದು ವಾರ ಇಟ್ಟು ನೋಡುತ್ತೇನೆ ಎಂದಿದ್ದಾರೆ, ಆ ಹಪ್ಪಳದ ಮುಚ್ಚಳ ತೋರಿಸಲು ನಾಚಿಕೆ.

ತಾರಿಹಾಳ ಲೇತ್

ಶನಿವಾರ ಬನ್ನಿ, ಅವತ್ತು ಆರ್ಡರ್ ಕಡಿಮೆ. ಡ್ರಾಯಿಂಗ್ ಕಾಗದದ ಮೇಲೆ ಇರಲಿ, ಮೊಬೈಲ್‌ನಲ್ಲಿ ನನಗೆ ಕಾಣುವುದಿಲ್ಲ. ಬರುವಾಗ ಎರಡು ಕಿಲೋ ಡಬ್ಬಿ ಜಾತಿಯ ಮೆಣಸಿನಕಾಯಿ ತನ್ನಿ, ಒಣಗಿದ್ದು. ಒಣಗಿದೆಯೋ ಇಲ್ಲವೋ ಕಿವಿ ಹತ್ರ ಹಿಡಿದು ನಾನೇ ನೋಡುತ್ತೇನೆ.